ಫೈಲ್‌ಗೆ ಕಾಲಿತ್ತಾ?

ನಾವು ಚಿಕ್ಕವರಿದ್ದಾಗ ನಮ್ಮನೇಲಿ ಗಾಜಿನ ಲೋಟವನ್ನ ಯಾರೂ ಒಡೀತಿರಲಿಲ್ಲ. ಅದು ತಾನಾಗೇ ಒಡೆದುಹೋಗ್ತಿತ್ತು! "ಯಾರೇ ಒಡೆದಿದ್ದು?" ಅಂತ ಅಮ್ಮ ಕೇಳಿದ್ರೆ ನಾನು, ತಮ್ಮ ಇಬ್ಬರದೂ ಒಂದೇ ರಾಗ: "ಬಿದ್ದೋಯ್ತಮ್ಮ."

ಆ ಅಭ್ಯಾಸ ನನ್ನಲ್ಲಿ ಇನ್ನೂ ಇದೆ ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಆಫೀಸಿನಲ್ಲಿ. ಒಂದು ಶುಕ್ರವಾರ ಅವಸರದಲ್ಲಿ ಕ್ಲೈಂಟ್‌ಗೆ ಹಳೇ ರೇಟ್ ಇದ್ದ ಫೈಲ್ ಕಳಿಸಿಬಿಟ್ಟೆ. ಟೀಮಿನ ಕಾಮನ್ ಐಡಿಯಿಂದ ಹೋದ ಮೇಲ್, ಕೆಳಗೆ ಯಾರ ಹೆಸರೂ ಇಲ್ಲ. ಸೋಮವಾರದ ಕಾಲ್‌ನಲ್ಲಿ ಮ್ಯಾನೇಜರ್ ರೇಗಿದರು. ರೇಟ್ ಪಟ್ಟಿ ನೋಡಿಕೊಳ್ಳುತ್ತಿದ್ದವಳು ಸೇರಿ ಮೂರು ತಿಂಗಳಾಗಿದ್ದ ಹುಡುಗಿ. ತಪ್ಪು ತನ್ನದೇ ಇರಬೇಕು ಅಂದ್ಕೊಂಡು "ಸಾರಿ ಸರ್" ಅಂದಳು. ನಾನು ಮ್ಯೂಟ್‌ನಲ್ಲಿದ್ದೆ. ಬೆರಳು ಆ ಬಟನ್ ಮೇಲೇ ಇತ್ತು. ಒತ್ತಲಿಲ್ಲ.

ಆಮೇಲೆ ಶುರುವಾಯ್ತು ನೋಡಿ ನಿಜವಾದ ಕೆಲಸ. ‘ಅವಳು ಹೊಸಬಳು, ಯಾರೂ ಏನೂ ಅಂದ್ಕೊಳ್ಳಲ್ಲ.’ ‘ನನಗೆ ಅಪ್ರೈಸಲ್ ಹತ್ತಿರ ಇದೆ.’ ‘ಅವಳೂ ಒಮ್ಮೆ ಚೆಕ್ ಮಾಡಬೇಕಿತ್ತು.’ ನಾಲ್ಕೇ ದಿನದಲ್ಲಿ ತಪ್ಪು ಅರ್ಧ ಅವಳದ್ದೇ ಅಂತ ನಾನೇ ನಂಬಿದ್ದೆ! ಆದರೆ ಫೋನಿನಲ್ಲಿ ಅಮ್ಮ ಕೇಳಿದ್ದು: "ಯಾಕೇ, ದನಿ ಒಂಥರಾ ಇದೆ?" "ಏನಿಲ್ಲಮ್ಮ, ಕೆಲಸ ಜಾಸ್ತಿ." ಮಾತು ಮುಚ್ಚಿಟ್ಟಿದ್ದನ್ನ ದನಿ ಬಿಟ್ಟುಕೊಟ್ಟಿತ್ತು.

ಆ ವಾರ ನೆನಪಾಗಿದ್ದು ಗಾಂಧೀಜಿ ಆತ್ಮಕಥೆಯ ಒಂದು ಪ್ರಸಂಗ. 15 ವರ್ಷದ ಮೋಹನದಾಸ ತನ್ನ ಅಣ್ಣನ ಕಡಗದಿಂದ ಚೂರು ಚಿನ್ನ ಕದ್ದಿದ್ದ. ಅಣ್ಣನ ತಲೆ ಮೇಲಿದ್ದ ಸುಮಾರು 25 ರೂಪಾಯಿ ಸಾಲ ತೀರಿಸೋಕೆ. ಅಣ್ಣನದೇ ಸಾಲ, ಅಣ್ಣನದೇ ಚಿನ್ನ. ಸಮಾಧಾನ ಹೇಳಿಕೊಳ್ಳೋಕೆ ಇದಕ್ಕಿಂತ ಒಳ್ಳೇ ನೆಪ ಬೇಕಾ? ಹುಡುಗ ಆ ನೆಪ ಹಿಡಿಯಲಿಲ್ಲ. ತಪ್ಪೊಪ್ಪಿಕೊಂಡು, ಶಿಕ್ಷೆ ಕೊಡಿ ಅಂತಲೂ ಚೀಟಿ ಬರೆದು, ಕಾಯಿಲೆಯಿಂದ ಮಲಗಿದ್ದ ಅಪ್ಪನ ಕೈಗೆ ಕೊಟ್ಟ. ಅಪ್ಪ ಎದ್ದು ಕೂತು ಓದಿದರು, ಕಣ್ಣೀರು ಹಾಕಿದರು, ಚೀಟಿ ಹರಿದು ಮತ್ತೆ ಮಲಗಿದರು.

ನಾನೂ ಮೇಲ್ ಬರೆಯೋಕೆ ಕೂತೆ. ಮೊದಲ ಸಾಲು: "ಹಳೇ ಫೈಲ್ ಹೋಗಿಬಿಟ್ಟಿದೆ." ಅಳಿಸಿದೆ. ಎರಡನೆಯದು: "ನಮ್ಮ ಕಡೆಯಿಂದ ಗೊಂದಲ ಆಗಿತ್ತು." ಮತ್ತೆ ಲೋಟ ತಾನಾಗೇ ಒಡೆದಿತ್ತು! ಫೈಲ್‌ಗೆ ಕಾಲಿತ್ತಾ, ತಾನಾಗೇ ಹೋಗೋಕೆ? ಕೊನೆಗೆ ಬರೆದದ್ದು ಇಷ್ಟೇ: "ಆ ಫೈಲ್ ಕಳಿಸಿದ್ದು ನಾನು. ಅವತ್ತು ಕಾಲ್‌ನಲ್ಲಿ ಸುಮ್ಮನಿದ್ದಿದ್ದೂ ನಾನೇ."

ಮ್ಯಾನೇಜರ್ "ಅವತ್ತೇ ಹೇಳಬಹುದಿತ್ತು" ಅಂದರು. ಆ ವರ್ಷದ ಅಪ್ರೈಸಲ್ ಚೆನ್ನಾಗಿ ಆಗಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೆ ಮರೆಯೋಕಾಗದ್ದು ಆ ಹುಡುಗಿ ಹೇಳಿದ ಮಾತು. "ಆ ಶುಕ್ರವಾರ ನಾನು ರಜೆಯಲ್ಲಿದ್ದೆ ಅಕ್ಕಾ. ಆಮೇಲೆ ನೆನಪಾಯ್ತು. ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಅಂದರೆ ನಾನು ಯಾರಿಂದ ಮುಚ್ಚಿಟ್ಟಿದ್ದೆ? ಅವಳಿಗೆ ಗೊತ್ತಿತ್ತು. ಅಮ್ಮನಿಗೆ ಅರ್ಧ ಗೊತ್ತಾಗಿತ್ತು. ಆ ಕತೆಯನ್ನ ಪೂರ್ತಿ ನಂಬಿದವಳು ನಾನೊಬ್ಬಳೇ. ತಪ್ಪು ಮಾಡಿದ್ದು ಒಂದು ನಿಮಿಷದ ಅವಸರ. ನನಗೆ ನಾನೇ ಮೋಸ ಮಾಡಿಕೊಂಡದ್ದು ಆಮೇಲಿನ ದಿನಗಳಲ್ಲಿ, ಒಂದೊಂದೇ ಸಮಾಧಾನ ಹೇಳಿಕೊಳ್ಳುತ್ತಾ.

ಈಗ ಎಡವಟ್ಟಾದಾಗಲೆಲ್ಲ ಒಂದು ಕೆಲಸ ಮಾಡ್ತೀನಿ. ಕಳಿಸೋ ಮೊದಲು ನನ್ನ ವಾಕ್ಯದಲ್ಲಿ ‘ನಾನು’ ಇದೆಯಾ ಅಂತ ಹುಡುಕ್ತೀನಿ. ನೀವೂ ಇವತ್ತು ಕಳಿಸಿದ ಮೆಸೇಜ್‌ಗಳನ್ನ ಒಮ್ಮೆ ಹಾಗೇ ನೋಡಿ. ಎಲ್ಲಾದರೂ ಲೋಟ ತಾನಾಗೇ ಒಡೆದಿದೆಯಾ?