ಹದಿನೈದು ದಿನದ ಗುಳಿಗೆಯ ಧರ್ಮ

ಕೈ ತೊಳೆದು ತೊಳೆದು ಚರ್ಮ ಬಿರಿಸಿಕೊಂಡ ಹೆಂಗಸಿಗೆ ಮಡಿಯ ಹುಚ್ಚು ಎನ್ನುತ್ತಾರೆ. ಬರೆದುದನ್ನೇ ಅಳಿಸಿ ಅಳಿಸಿ ಬರೆಯುವ ಹುಡುಗನನ್ನು ಸೋಮಾರಿ ಎಂದು ಮೇಷ್ಟ್ರು ಬೈಯುತ್ತಾರೆ. ಇಬ್ಬರನ್ನೂ ಕಾಡುತ್ತಿರುವುದು ಗೀಳುರೋಗವಿರಬಹುದು: ಬೇಡವೆಂದರೂ ನುಗ್ಗುವ ಯೋಚನೆ, ಅದರ ಭಯ ತಣಿಸಲು ಮಾಡಿದ್ದನ್ನೇ ಮಾಡುವ ಕೈ. ಇದು ಅರ್ಥವಿಲ್ಲದ ಕೆಲಸವೆಂದು ರೋಗಿಗೇ ಬಹುಮಟ್ಟಿಗೆ ಗೊತ್ತಿರುತ್ತದೆ. ಆದ್ದರಿಂದ ಬುದ್ಧಿ ಹೇಳಲು ಬರುವ ಮಹನೀಯರು ತಮ್ಮ ಬುದ್ಧಿಯನ್ನು ಮನೆಯಲ್ಲೇ ಇಟ್ಟುಕೊಂಡರೆ ದೊಡ್ಡ ಉಪಕಾರ.

ಇದಕ್ಕೆ ಮದ್ದಿದೆ. ಕ್ಲೋಮಿಪ್ರಮಿನ್ ಎಂಬ ಔಷಧಿಗೆ ಈ ರೋಗದ ಚಿಕಿತ್ಸೆಗಾಗಿ ಅಮೆರಿಕ 1989ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಫ್ಲೂಆಕ್ಸಿಟಿನ್ ಮೊದಲಾದವು ಬಂದವು. ಈ ಎರಡೂ ನಮ್ಮ ರಾಷ್ಟ್ರೀಯ ಅವಶ್ಯ ಔಷಧಿಗಳ ಪಟ್ಟಿಯಲ್ಲಿವೆ. ಗುಳಿಗೆಯೆಲ್ಲ ಬಂಡವಾಳಗಾರರ ಮೋಸವೆಂದು ವಾದಿಸುವ ನಮ್ಮ ಕೆಲವು ಸ್ನೇಹಿತರಿಗೆ ಒಂದು ಮಾತು. ಕಂಪನಿಗಳ ಲಾಭಕೋರತನವನ್ನು ನಾವೂ ಬಲ್ಲೆವು. ಆದರೆ ರೋಗಿಯ ಕೈಯಿಂದ ಗುಳಿಗೆ ಕಿತ್ತುಕೊಂಡು ಯಾವ ಕಂಪನಿಯನ್ನೂ ಸೋಲಿಸಲಾಗದು.

ಈ ಮದ್ದು ಜ್ವರದ ಗುಳಿಗೆಯಂತಲ್ಲ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಎಷ್ಟೋ ಮಂದಿಗೆ ಬೇಕಾಗುತ್ತದೆ. ಫಲ ಕೊಟ್ಟಿತೋ ಇಲ್ಲವೋ ಎಂದು ಹೇಳಲು 8ರಿಂದ 12 ವಾರ ಹಿಡಿಯುತ್ತದೆ. ಗುಣ ಕಂಡ ಮೇಲೂ ಒಂದೆರಡು ವರ್ಷ ನುಂಗಬೇಕು. ಥಟ್ಟನೆ ಬಿಟ್ಟರೆ ರೋಗ ಮರುಕಳಿಸಬಹುದು. ಹೀಗಿರುವಾಗ ಹದಿನೈದು ದಿನದ ಪೊಟ್ಟಣ ಕಟ್ಟಿಕೊಟ್ಟು, 'ಮುಂದಿನದು ಸ್ಟಾಕಿಲ್ಲ, ಹೊರಗೆ ತಗೋ' ಎಂದರೆ ಅದು ಚಿಕಿತ್ಸೆಯೇ? ಕೂಲಿ ಬಿಟ್ಟು, ಬಸ್ಸಿನ ಚಾರ್ಜು ತೆತ್ತು ಬಂದವನು ಬರಿಗೈಲಿ ಹಿಂತಿರುಗುತ್ತಾನೆ. 'ಮದ್ದು ತಿಂದೆ, ಏನೂ ಆಗಲಿಲ್ಲ' ಎಂದು ಮಂತ್ರವಾದಿಯ ಬಾಗಿಲು ತಟ್ಟುತ್ತಾನೆ. ಅವನನ್ನು ಮೂಢನೆನ್ನಲು ಯಾರಿಗೆ ಬಾಯಿದೆ?

ಗುಳಿಗೆಯೊಂದರಿಂದಲೇ ಎಲ್ಲರೂ ವಾಸಿಯಾಗುವುದಿಲ್ಲ. ಭಯವನ್ನು ಎದುರಿಸಿ, ತೊಳೆಯದೆ ತಡೆದು ಕೂರುವುದನ್ನು ಕಲಿಸುವ ಚಿಕಿತ್ಸೆಯೂ ಉಂಟು. ಒಳ್ಳೆಯ ಫಲ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದನ್ನು ಕಲಿಸುವವರಿದ್ದಾರೆ. ವಾರವಾರ ಅಲ್ಲಿಗೆ ಹೋಗಲಾರದ ಬಡವನಿಗೆ ಗುಳಿಗೆಯೇ ಆಸರೆ.

ನಾವು ಭಿಕ್ಷೆ ಬೇಡುತ್ತಿಲ್ಲ. ಸರ್ಕಾರ ಪ್ರಕಟಿಸುವ ಅವಶ್ಯ ಔಷಧಿ ಪಟ್ಟಿಯಲ್ಲಿರುವ ಮದ್ದು, ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 18ನೇ ಕಲಮು ಹೇಳುತ್ತದೆ. 'ಎಲ್ಲ ಕಾಲ' ಎಂದರೆ ತಿಂಗಳ ಮೊದಲ ವಾರವೆಂದು ಅಧಿಕಾರಿಗಳು ಓದಿಕೊಂಡರೇ?

ಈ ಮದ್ದುಗಳ ದಾಸ್ತಾನು ಎಷ್ಟಿದೆಯೆಂದು ಪ್ರತಿ ಕೇಂದ್ರದ ಬೋರ್ಡಿನ ಮೇಲೆ ಬರೆದು ಹಾಕಲಿ. ಸ್ಟಾಕಿಲ್ಲವೆಂದು ಹಿಂದಕ್ಕೆ ಕಳಿಸಿದರೆ ಓದುಗ ಬಂಧುಗಳು ಅಲ್ಲೇ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಕಳಿಸಬೇಕು.