ತೋಟದ ಮಣ್ಣಿನಲ್ಲಿ ಸಿಕ್ಕಿದ್ದನ್ನೆಲ್ಲ ಹಾವೆಂದು ಕೊಲ್ಲಬೇಡಿ

ಕಾಫಿ, ಅಡಿಕೆ ಬೆಳೆಗಾರರೇ, ತೋಟದಲ್ಲಿ ದುಡಿಯುವ ಅಕ್ಕ ಅಣ್ಣಂದಿರೇ,

ಮಳೆಗಾಲದಲ್ಲಿ ತೊಟ್ಟಿಲು ಗುಂಡಿ ತೋಡುವಾಗ, ಚರಂಡಿ ಬಿಡಿಸುವಾಗ, ಗೊಬ್ಬರದ ರಾಶಿ ಕೆದಕುವಾಗ ಗೇಣುದ್ದದ, ನುಣುಪು ಮೈಯ ಕಪ್ಪುಗಂದು ಜೀವಿಯೊಂದು ಹೊರಬೀಳುತ್ತದೆ. ಯಾರೋ "ಹಾವು!" ಎನ್ನುತ್ತಾರೆ. ಗುದ್ದಲಿ ಬೀಳುತ್ತದೆ, ಎರಡು ತುಂಡು. ಸತ್ತದ್ದು ಹಾವಲ್ಲ, ಕಪ್ಪೆಯ ಬಳಗದ, ಕಾಲೇ ಇಲ್ಲದ ಉಭಯವಾಸಿ. ಹೆಸರು ಸಿಸಿಲಿಯನ್. (ಹಾವಾಗಿದ್ದರೂ ಕೊಲ್ಲಬೇಕಿರಲಿಲ್ಲ.)

ಒಂದು ಗಳಿಗೆ ಕೈ ತಡೆದು ನೋಡಿ. ಹಾವಿಗಿರುವಂಥ ಹುರುಪೆ ಮೈಮೇಲೆ ಕಾಣುವುದಿಲ್ಲ. ಒದ್ದೆ ಚರ್ಮ, ಅದರ ಉದ್ದಕ್ಕೂ ಉಂಗುರ ತೊಡಿಸಿದಂತೆ ಗೆರೆಗಳು. ಕೆಲವಕ್ಕೆ ಎರಡೂ ಪಕ್ಕೆಯಲ್ಲಿ ಹಳದಿ ಪಟ್ಟಿ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಪುಟ್ಟದೊಂದು ಮೀಸೆ. ಕತ್ತಲ ಮಣ್ಣಿನೊಳಗೆ ಅದನ್ನು ಚಾಚಿಯೇ ವಾಸನೆ ಹಿಡಿಯುತ್ತದೆ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ.

ಎರೆಹುಳ ತಿನ್ನುತ್ತದಲ್ಲ ಎಂದು ಕೇಳುವವರಿದ್ದಾರೆ. ತಿನ್ನುತ್ತದೆ, ನಿಜ. ಗೆದ್ದಲು, ಇರುವೆಗಳನ್ನೂ ತಿನ್ನುತ್ತದೆ. ಆದರೆ ತಿಂದು ಮಿಗುವಷ್ಟು ಹುಳುಹುಪ್ಪಟೆ ಇರುವ ಮಣ್ಣಿನಲ್ಲೇ ಅದು ಬಾಳುವುದು. ನಿಮ್ಮಲ್ಲಿ ಅದು ಸಿಕ್ಕಿತೆಂದರೆ ನಿಮ್ಮ ಮಣ್ಣಿನಲ್ಲಿ ಇನ್ನೂ ಜೀವವಿದೆ.

ಇವು ದೂರದ ದಟ್ಟ ಕಾಡಿನವೂ ಅಲ್ಲ. ಮಂಗಳೂರಿನ ಹತ್ತಿರದ ಗುರುಪುರದಲ್ಲಿ ಸಿಕ್ಕಿದ್ದನ್ನು 1999ರಲ್ಲಿ, ಕುಂದಾಪುರ ಸೀಮೆಯ ಮುದೂರಿನದನ್ನು 2004ರಲ್ಲಿ, ಕೊಡಗಿನದನ್ನು 2007ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದಗಳೆಂದು ಗುರುತಿಸಿದರು. ಕೊನೆಯದಕ್ಕೆ ಇಕ್ತಿಯೋಫಿಸ್ ಕೊಡಗುಎನ್ಸಿಸ್ ಎಂದು ಜಿಲ್ಲೆಯದೇ ಹೆಸರು. ತಲೆಮಾರುಗಳಿಂದ ನಮ್ಮ ಹಾರೆ ಗುದ್ದಲಿಗೆ ಸಿಕ್ಕುತ್ತಿದ್ದ ಪ್ರಾಣಿಗೆ ಹೆಸರು ಬಂದದ್ದೇ ಮೊನ್ನೆ ಮೊನ್ನೆ.

ಇಕ್ತಿಯೋಫಿಸ್ ಕುಲದ ತಾಯಿ ನೀರಿನ ಹತ್ತಿರದ ಹಸಿ ಮಣ್ಣಿನೊಳಗೆ ಮೊಟ್ಟೆಯಿಟ್ಟು, ಅವುಗಳ ಸುತ್ತ ಮೈ ಸುತ್ತಿಕೊಂಡು, ಮರಿಯಾಗುವವರೆಗೆ ಕಾಯುತ್ತದೆ. ಮರಿಗಳು ನೀರಿಗಿಳಿದು ಬೆಳೆದು ಮತ್ತೆ ಮಣ್ಣು ಸೇರುತ್ತವೆ. ಹಳ್ಳದ ದಂಡೆಯನ್ನು ಜೆಸಿಬಿ ಕೆರೆದರೆ ತಾಯಿಯೂ ಹೋಯಿತು, ಮೊಟ್ಟೆಯೂ ಹೋಯಿತು. ಚರ್ಮದಿಂದಲೂ ಉಸಿರಾಡುವ ಪ್ರಾಣಿಯಾದ್ದರಿಂದ ಮಣ್ಣಿಗೆ ಸುರಿದ ವಿಷ ಅದರ ಮೈಯೊಳಕ್ಕೇ ಇಳಿಯುತ್ತದೆ.

ಆದ್ದರಿಂದ ಹಳ್ಳದ ದಂಡೆಗೆ ಕಳೆನಾಶಕ ಹೊಡೆಯಬೇಡಿ. ಕಳೆಯನ್ನು ಕತ್ತಿಯಿಂದ ಸವರಿ. ದರಗು ಸುಡಬೇಡಿ. ಸಿಸಿಲಿಯನ್ ಕಂಡರೆ ಬಿಸಿಲಿಗೆ ಬಿಡದೆ, ಮಣ್ಣಿನ ಸಮೇತ ಗುದ್ದಲಿಯಲ್ಲಿ ಎತ್ತಿ, ನೆರಳಿನಲ್ಲಿರುವ ಒದ್ದೆ ದರಗಿನಡಿ ಇಡಿ. ಬೆಳಗ್ಗೆ ಕೆಲಸ ಹಂಚುವಾಗ ಮೇಸ್ತ್ರಿಗಳು ಈ ಮಾತನ್ನು ಎಲ್ಲರಿಗೂ ಹೇಳಲಿ. ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ತೋಟದವರಿಗೆ ಕೊಡಿ.