ಹೆಬ್ಬಾಳದ ಲೆಕ್ಕದಲ್ಲಿ ತರಕಾರಿ ಗಾಡಿಯೂ ಸೇರಲಿ



ಬಿತ್ತನೆ, ಗೊಬ್ಬರ, ಕೀಟಬಾಧೆಗಳ ವಿಷಯ ಓದಲು ಈ ಪುಟ ತೆರೆಯುವ ನಿಮಗೆ ಇಂದು ಒಂದು ಮೇಲ್ಸೇತುವೆಯ ಮಾತು ಹೇಳಬೇಕಾಗಿದೆ. ಕೃಷಿ ಇಲಾಖೆಯವನಿಗೆ ರಸ್ತೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಬೆಳೆದದ್ದು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಮುಟ್ಟದಿದ್ದರೆ ನಾವು ಹೇಳಿಕೊಡುವ ಸುಧಾರಿತ ಬೇಸಾಯವೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಂತೆ.

ನಮ್ಮ ಹೋಬಳಿಯ ರೈತರೊಬ್ಬರು ಹಿಂದಿನ ಸಂಜೆ ಕೊಯ್ದ ಹುರುಳಿಕಾಯಿಯನ್ನು ಟೆಂಪೋಗೆ ಹೇರಿಕೊಂಡು ನಡುರಾತ್ರಿ ಕಳೆದ ಮೇಲೆ ಬೆಂಗಳೂರಿಗೆ ಹೊರಟಿದ್ದರು. ಹೆಬ್ಬಾಳದ ಬಳಿ ಕಾಮಗಾರಿಗಾಗಿ ದಾರಿ ತಿರುಗಿಸಲಾಗಿತ್ತು. ಸುತ್ತಿ ಬಳಸಿ ಮಂಡಿ ಸೇರುವಾಗ ಬೆಳಗಿನ ವ್ಯಾಪಾರ ಮುಗಿಯುತ್ತ ಬಂದಿತ್ತು. ಬಾಡಿಗೆ, ಹಮಾಲಿ ಕಳೆದು ಉಳಿದ ಹಣ ಕಾಯಿ ಬಿಡಿಸಿದ ಕೂಲಿಗೂ ಸಾಲಲಿಲ್ಲ. "ಹುಳ ಬಿದ್ದರೆ ಔಷಧಿ ಹೇಳುತ್ತೀರಿ ಸ್ವಾಮಿ, ಇದಕ್ಕೆ ಏನು ಹೊಡೆಯಲಿ?" ಎಂದು ಅವರು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಾನು ಜಿ.ಕೆ.ವಿ.ಕೆ.ಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಈ ಸೇತುವೆಯ ಕಂಬಗಳು ಏಳುತ್ತಿದ್ದವು. ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಜಾಗದಲ್ಲಿ 2003ರಲ್ಲಿ ಮೇಲ್ಸೇತುವೆ ಸಂಚಾರಕ್ಕೆ ತೆರೆಯಿತು. ಇನ್ನು ತೊಂದರೆಯಿಲ್ಲ ಎಂದು ಎಲ್ಲರೂ ಅಂದುಕೊಂಡೆವು. ಆದರೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಅದರ ಹಿಂದೆಯೇ ಅಗಲವಾದ ಹೆದ್ದಾರಿಯೂ ಬಂತು. ಆ ಅಗಲದ ರಸ್ತೆಯಲ್ಲಿ ಬಂದ ವಾಹನಗಳು ನಗರದ ಕಡೆಗೆ ಹಳೆಯ ಸೇತುವೆ ಏರುವಾಗ ಎರಡು ಸಾಲಿಗೆ ಇಳಿಯಬೇಕಾಯಿತು. ಮೂರು ಅಡಿಯ ಕಾಲುವೆಯ ನೀರನ್ನು ಒಂದು ಅಡಿಯ ಕೊಳವೆಗೆ ಬಿಟ್ಟರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗಿನಿಂದಲೂ ಇದನ್ನು ಸರಿಪಡಿಸುವ ಯತ್ನಗಳು ನಡೆದಿವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆಯ ಯೋಜನೆಯನ್ನು ನಾಗರಿಕರ ವಿರೋಧದಿಂದಾಗಿ 2017ರಲ್ಲಿ ಕೈಬಿಡಲಾಯಿತು. 2025ರ ಆಗಸ್ಟ್‌ನಲ್ಲಿ ನಾಗವಾರದ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೋಗುವವರಿಗಾಗಿ ಹೊಸ ಸುತ್ತುದಾರಿಯೊಂದನ್ನು ತೆರೆಯಲಾಯಿತು. ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ, ಮೆಟ್ರೋ, ಉಪನಗರ ರೈಲು ಎಲ್ಲ ಯೋಜನೆಗಳ ನಕ್ಷೆಯಲ್ಲೂ ಹೆಬ್ಬಾಳವಿದೆ. ಅಂದರೆ ಈ ಕೂಡುರಸ್ತೆಯನ್ನು ಮತ್ತೆ ಮತ್ತೆ ಒಡೆದು ಕಟ್ಟುವುದು ಖಚಿತ. ನಮ್ಮ ಮಾತು ಸೇರಬೇಕಾದರೆ ಅದು ನಕ್ಷೆಯ ಹಂತದಲ್ಲೇ ಸೇರಬೇಕು.

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ, ಹೂವು, ತರಕಾರಿಗಳಿಗೆ ಇದೇ ಹೆಬ್ಬಾಗಿಲು. ಹೂವಿನ ಅಂತರರಾಷ್ಟ್ರೀಯ ಹರಾಜು ಕೇಂದ್ರ ಇರುವುದೂ ಹೆಬ್ಬಾಳದಲ್ಲೇ. ನವೆಂಬರ್‌ನ ಕೃಷಿ ಮೇಳಕ್ಕೆ ಬರುವ ನಿಮ್ಮಲ್ಲಿ ಅನೇಕರು ಈ ದಾರಿಯನ್ನೇ ಹಿಡಿಯುತ್ತೀರಿ. ಹೀಗಿರುವಾಗ ಈ ಕೂಡುರಸ್ತೆಯ ಮಾತು ಬಂದಾಗಲೆಲ್ಲ ಕೇಳಿಬರುವುದು ಕಚೇರಿಗೆ ಹೋಗುವವರ ಮತ್ತು ವಿಮಾನ ಹಿಡಿಯುವವರ ಕಷ್ಟ ಮಾತ್ರ. ಅವರ ಕಷ್ಟ ಸುಳ್ಳಲ್ಲ. ಆದರೆ ಅದೊಂದೇ ಕಷ್ಟವಲ್ಲ.

ಎಂಜಿನಿಯರುಗಳು ವಾಹನಗಳನ್ನು ಲೆಕ್ಕ ಹಾಕುವ ಕ್ರಮವನ್ನು ನೋಡಿ. ಗ್ರಾಮಾಂತರ ಹೆದ್ದಾರಿಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಒಂದು ಕಾರು 1 ಎಂದಾದರೆ ಲಾರಿ ಅಥವಾ ಬಸ್ಸು 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು 4.5, ಎತ್ತಿನ ಗಾಡಿ 8. ಅದು ರಸ್ತೆಯಲ್ಲಿ ಹಿಡಿಯುವ ಜಾಗದ ಮತ್ತು ಉಂಟುಮಾಡುವ ಅಡಚಣೆಯ ಲೆಕ್ಕ. ಅದರಲ್ಲಿ ತಪ್ಪಿಲ್ಲ. ಆದರೆ ಗಾಡಿಯ ಮೇಲಿರುವ ಟೊಮೆಟೊ ಎರಡು ಗಂಟೆ ತಡವಾದರೆ ಎಷ್ಟು ನಷ್ಟ ಎಂಬುದು ಈ ಅಂಕಿಯಲ್ಲಿ ಬರುವುದಿಲ್ಲ. ಕಾರು ತಡವಾದರೆ ಹೊತ್ತು ಹೋಗುತ್ತದೆ. ಕೊಯ್ದ ಮಾಲು ತಡವಾದರೆ ಬೆಲೆಯೇ ಹೋಗುತ್ತದೆ.

ಇನ್ನೊಂದು ಮಾತು. ನಗರದಲ್ಲಿ ರಸ್ತೆ ಮುಚ್ಚಿ ಮಾಡುವ ಕೆಲಸವನ್ನು ಸಾಮಾನ್ಯವಾಗಿ ರಾತ್ರಿಯ ಹೊತ್ತು ಇಟ್ಟುಕೊಳ್ಳುತ್ತಾರೆ. ಹಗಲಿನವರಿಗೆ ಅದು ಅನುಕೂಲ. ಆದರೆ ತರಕಾರಿ, ಹೂವು, ಹಾಲು ಓಡಾಡುವುದೇ ಆ ಹೊತ್ತಿನಲ್ಲಿ! ಆದುದರಿಂದ ಬದಲಿ ದಾರಿ ಯಾವುದು, ಎಷ್ಟು ದಿನ ಎಂಬುದನ್ನು ಮುಂಚಿತವಾಗಿ ಹಳ್ಳಿಗಳಲ್ಲೂ ಸಾರಬೇಕು. ಮಾಲಿನ ಗಾಡಿಗಳಿಗೆ ನಸುಕಿನಲ್ಲಿ ಒಂದು ಸಾಲನ್ನಾದರೂ ತೆರೆದಿಡಬೇಕು.

ಅಗಲವಾದ ರಸ್ತೆ ಬಂದೊಡನೆ ನಮಗೂ ಅದರಲ್ಲಿ ಜಾಗ ಸಿಗುತ್ತದೆಂದು ನಂಬಿ ಕೂರಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ವೇಗದ ವಾಹನಗಳ ನಡುವೆ ನಿಧಾನದ ವಾಹನ ಅಪಾಯವೆಂಬುದು ನಿಜವೇ. ಹಾಗಿದ್ದರೆ ಪಕ್ಕದ ಸರ್ವಿಸ್ ರಸ್ತೆಯೂ ಎಲ್ಲಿಯೂ ತುಂಡಾಗದೆ, ಮಳೆಗಾಲದಲ್ಲಿ ನೀರು ನಿಲ್ಲದೆ ಇರಬೇಕು. ಹೆಬ್ಬಾಳದಲ್ಲಿ ಮಗ್ಗುಲಲ್ಲೇ ಕೆರೆಯಿದೆ. ಕೋಡಿಯ ನೀರಿಗೂ ರಾಜಕಾಲುವೆಗೂ ದಾರಿ ಬಿಡದೆ ಕಂಬ ನೆಟ್ಟರೆ ನೀರು ತನ್ನ ದಾರಿಯನ್ನು ರಸ್ತೆಯ ಮೇಲೆಯೇ ಮಾಡಿಕೊಳ್ಳುತ್ತದೆ. ಇದು ರೈತನಿಗೆ ಗೊತ್ತಿರುವ ವಿದ್ಯೆ. ಹೇಳಲು ಸಂಕೋಚ ಬೇಡ.

ಹೆಬ್ಬಾಳ ನಮಗೆ ದೂರ ಎನ್ನುವ ಓದುಗರೂ ಇದ್ದೀರಿ. ನಿಮ್ಮ ತಾಲ್ಲೂಕಿನ ಬೈಪಾಸ್ ಕೂಡುವ ಜಾಗಕ್ಕೂ ನಾಳೆ ಇದೇ ಸರದಿ ಬರುತ್ತದೆ. ಅಲ್ಲಿ ಹೋಗುವುದು ನಿಮ್ಮ ಜಮೀನೇ ಆಗಬಹುದು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಭೂಸ್ವಾಧೀನದ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಜಮೀನಿನಲ್ಲಿ ಹಿತವುಳ್ಳ ಯಾರೇ ಆದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಬರೆದುಕೊಟ್ಟವರ ಅಹವಾಲನ್ನು ಅಧಿಕಾರಿ ಕೇಳಲೇಬೇಕು. ವಾಚನಾಲಯದಲ್ಲಿ ನೀವು ಮಗುಚಿ ಹಾಕುವ ಆ ಸಣ್ಣ ಅಕ್ಷರದ ಜಾಹೀರಾತಿನಲ್ಲಿ ನಿಮ್ಮ ಸರ್ವೆ ನಂಬರು ಇರಬಹುದು. ಅಕ್ಷರ ಬಲ್ಲವರು ಅದನ್ನು ಉಳಿದವರಿಗೆ ಗಟ್ಟಿಯಾಗಿ ಓದಿ ಹೇಳಿ.

ನಾನು ಕೇಳುವುದು ಇಷ್ಟೇ. ನಿಮ್ಮ ಊರಿನಿಂದ ಎಷ್ಟು ಗಾಡಿ, ಯಾವ ಹೊತ್ತಿಗೆ, ಏನು ಹೇರಿಕೊಂಡು ಹೊರಡುತ್ತವೆ ಎಂದು ಒಂದು ವಾರ ಬರೆದಿಡಿ. ತಡವಾದ ದಿನದ ಮಂಡಿ ಚೀಟಿಯನ್ನು ಬಿಸಾಡಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿ, ರೈತ ಉತ್ಪಾದಕರ ಸಂಘದ ಮೂಲಕ ಆ ಲೆಕ್ಕವನ್ನು ಯೋಜನೆ ಮಾಡುವವರ ಮೇಜಿಗೆ ಮುಟ್ಟಿಸಿ. ಬೈದಾಡಿದರೆ ಮರೆತಾರು, ಅಂಕಿ ಕೊಟ್ಟರೆ ಉತ್ತರ ಹೇಳಬೇಕಾಗುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಕೂಗಿ ಫಲವಿಲ್ಲ. ಪೆನ್ಸಿಲಿನ ಗೆರೆಯನ್ನು ಅಳಿಸಬಹುದಾದ ಕಾಲದಲ್ಲೇ ನಾವು ಮಾತನಾಡೋಣ.